ಅಳತಿ ಪುಸ್ತಕ

ಹುಮನಾಬಾದಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು:
ಒಂದು ಟೇಬಲ್ಲು, ಎರಡು ಫೋನು, ಕೂತರೆ ಕಿರುಗುಟ್ಟುವ ಕುರ್ಚಿ.
ಯಾರಿಗೆ ಗಿರಾಕಿ ಬೇಕೋ ಅವರ ಪರವಾಗಿ
ಊರ ಮಂದಿಯ ಕಿಸೆಯೊಳಗೆ ಗುಂಯ್‌ಗುಡುವುದು ನನ್ನ ಕೆಲಸ.

ದಸರೆಗೆ ಮುಂಚೆ ಸೀರೆ ಶೋರೂಮಿನ ಸೇಠ
ಹೆಂಗಸರ ನಂಬರು ಕೇಳಿದ,
ಒಂದಕ್ಕೆ ಎರಡು ರೂಪಾಯಿ.
ಥಟ್ಟನೆ ನೆನಪಾದದ್ದು
ಗೋದಾವರಿಬಾಯಿ ಶಿಂಪಿಯ ಉದ್ದನೆಯ ಪುಸ್ತಕ,
ಕೆಂಪು ಬಟ್ಟೆಯ ಬೆನ್ನು, ಹದಿನಾಲ್ಕುನೂರು ಹೆಸರು.

ಹುಕ್ಕು ಹಚ್ಚುತ್ತ ಕೂತಿದ್ದಳು.
ತುಟಿಯಲ್ಲಿ ಎರಡು ಟಾಚಣಿ. ಅವನ್ನು ತೆಗೆಯದೆಯೇ ಅಂದಳು:
"ನಂಬರಷ್ಟ ಕೇಳತಿ, ಮಹಾನಂದಾ.
ನಂಬರಿನ ಬಾಜೂಕ ಏನದ, ಗೊತ್ತದನು?"

ಅಂಗೈಯಿಂದ ಹೆಸರು ಮುಚ್ಚಿದಳು.
"ಇಕಿ ನಾಕ ಬೆರಳ ಒಳಗ ಬಿಡು ಅಂದಾಳ.
ಕುಬಸ ಮಾಡೂದು ದೂರ ಉಳೀತು,
ಅತ್ತಿಗೇ ಇನ್ನ ತಿಳಿಸಿಲ್ಲ.
ಇಕಿದು ಎಡಕ್ಕ ಹತ್ತಿ ತುಂಬಿ ಹೊಲೀತೀನಿ,
ಸೋಲಾಪುರದಾಗ ಆಪರೇಶನ್ ಆದಾಗಿಂದ.
ಇಕಿ, ಬ್ಯಾಸಗ್ಯಾಗೂ ಉದ್ದ ತೋಳ ಬೇಡತಾಳ.
ಯಾಕಂತ ನಾ ಕೇಳಿಲ್ಲ.
ತೋಳ ಅಳದೀನಿ, ಸಾಕು."

ಅಳತೆ ಬೇಡ ಬಾಯಿ, ಬರೇ ನಂಬರು, ಅಂದೆ.

"ನಂಬರ ಕೊಟ್ಟದ್ದು
ಜಂಪರ ತಯಾರ ಆತಂತ ಹೇಳಲಿಕ್ಕ.
ಹೇಳೀನಿ, ಮುಗೀತು.
ಅರಿವಿ ಗೇಣುದ್ದ ಉಳದ್ರೂ ತಿರುಗಿ ಕೊಡತೀನಿ.
ಇದನ್ನ ಹೆಂಗ ಇಟಗೊಳ್ಳಲಿ?"

ಹೊಸ ಕಾಯ್ದೆಯ ಕಾಗದ ನನ್ನ ಫೋನಿನಲ್ಲೂ ಬಂದಿತ್ತು:
ಕೇಳಿ ತಗೋ, ಕೇಳಿದ್ದಕ್ಕಷ್ಟೇ ಬಳಸು, ಬೇಡವೆಂದರೆ ಅಳಿಸು.
ಓದದೆಯೇ ಕೆಳಗಿಳಿದು
'ಒಪ್ಪಿದೆ' ಒತ್ತಿದ್ದೆ.

ಸೇಠನಿಗೆ ಅವಸರ.
ಹೈದರಾಬಾದಿನಿಂದ ಒಂದು ಪಟ್ಟಿ ಕೊಂಡೆ, ಹತ್ತು ಸಾವಿರ.
ಎಲ್ಲರಿಗೂ ಕಳಿಸಿದೆ: "ಈ ದಸರೆಗೆ ಮಡದಿಯ ಮುಖದಲ್ಲಿ ನಗು!"
ಬಂದವರು ಒಂಬತ್ತು ಮಂದಿ.
ಅದರಲ್ಲಿ ಇಬ್ಬರು ಬೈಯಲಿಕ್ಕೆ.
ಒಬ್ಬಳು ಹಳ್ಳಿಖೇಡದಿಂದ, ಗಂಡನ ಫೋನು ಹಿಡಿದು,
ಗಂಡ ಹೋಗಿ ನಾಲ್ಕು ತಿಂಗಳು.
ಬೈಯಲಿಲ್ಲ. ಪರದೆ ನನ್ನೆದುರು ಹಿಡಿದು ನಿಂತಳು,
ಅಲ್ಲಿ ಅವನ ಹೆಸರಿಗೆ 'ಶ್ರೀಯುತ' ಸೇರಿಸಿದ್ದೆ.
ನೀರು ಕೊಟ್ಟೆ. ಕುಡಿಯಲಿಲ್ಲ.

ಆ ಪಟ್ಟಿ ಅಳಿಸಲು ಒಂದು ನಿಮಿಷ ಹಿಡಿಯಿತು.
ಕೊಂಡ ದುಡ್ಡು ಎರಡು ತಿಂಗಳು ನೋಯಿತು, ಸುಳ್ಳು ಯಾಕೆ.

ದೀಪಾವಳಿಗೆ ಒಂದು ಚೀಟಿ ಅಚ್ಚು ಹಾಕಿಸಿದೆ,
ಮುಂದೆ ಕನ್ನಡ, ಹಿಂದೆ ಉರ್ದು ಮರಾಠಿ:
"ಹೊಸ ಸೀರೆ ಬಂದರೆ ತಿಳಿಸಲೇನು?
ಹೌದಾದರೆ ನಿಮ್ಮ ಕೈಯಾರೆ ನಂಬರು ಬರೆಯಿರಿ.
ಸಾಕೆನಿಸಿದ ದಿನ ಸಾಕು ಅನ್ನಿ."
ಬಾಯಿ ಎರಡು ಸಲ ಓದಿಸಿಕೊಂಡು ಕೇಳಿದಳು,
'ಸಾಕು' ಅನ್ನುವ ಸಾಲು ಇನ್ನಷ್ಟು ದಪ್ಪ ಮಾಡಿಸಿದಳು.
ಹೊಲಿದಿಟ್ಟ ಜಂಪರಿಗೊಂದೊಂದು ಚೀಟಿ, ಟಾಚಣಿ ಚುಚ್ಚಿ.

ತಿರುಗಿ ಬಂದವು ಅರವತ್ತಮೂರು.
ಸೇಠ ನಕ್ಕ: "ಪುರಾತನರ ಲೆಕ್ಕ ಆತಲ್ಲವ್ವ!"
ಅರವತ್ತಮೂರು ಸಲ ಗುಂಯ್ ಅಂತು.
ನಲವತ್ತೊಂದು ಮಂದಿ ಬಂದರು, ನಾದಿನಿಯರನ್ನೂ ಕರಕೊಂಡು,
ಸೇಠನ ಚಹಾದ ಕಪ್ಪು ಸಾಲಲಿಲ್ಲ.

ಒಬ್ಬಳು ಬುಧವಾರ ಬಂದು ನನ್ನದು ಹೊಡದ ಹಾಕ್ರಿ ಅಂದಳು.
ಯಾಕೆ ಅಂತ ನಾಲಿಗೆಯ ತುದಿಗೆ ಬಂದದ್ದನ್ನು
ಅಲ್ಲೇ ತಡೆದೆ.
ಈಗ ಅರವತ್ತೆರಡು.

ನಿನ್ನೆ ನನ್ನದೇ ಒಂದು ಜಂಪರು ಹೊಲಿಯಲು ಹಾಕಿದೆ.
ತಣ್ಣನೆಯ ಟೇಪು ಹೆಗಲಿಂದ ಹೆಗಲಿಗೆ ಹರಿಯಿತು.
ಬಾಯಿ ಏನೋ ಕಂಡಳು, ಬರೆದಳು, ಮಾತಾಡಲಿಲ್ಲ.
"ನಂಬರ?" ಅಂದಳು.
ಇಡೀ ತಾಲೂಕಿನ ನಂಬರು ಬೆರಳ ತುದಿಯಲ್ಲಿ ಆಡಿಸಿದವಳಿಗೆ
ನನ್ನ ಹತ್ತು ಅಂಕಿ
ಗಂಟಲಲ್ಲೇ ನಿಂತವು.

"ಬ್ಯಾಡಾದ್ರ ಬ್ಯಾಡ,
ಸೋಮವಾರ ಬಾ, ತಯಾರ ಇರತದ."